ಒಂದು ಸರಳು ಎಳೆದು ನೋಡಿದ್ರೆ ಆ ರಾಕೆಟ್ ಉಳೀತಿತ್ತಾ? 2015ರ ಸಿಆರ್‌ಎಸ್-7 ಬಗ್ಗೆ ಗೊತ್ತಿರೋರು ಹೇಳಿ

ಶಾಲೆಟೀಚರ್_ಕಡೂರು
ಎಲ್ರಿಗೂ ನಮಸ್ಕಾರ. ನಾನು ಹೈಸ್ಕೂಲಲ್ಲಿ ವಿಜ್ಞಾನ ತಗೋತೀನಿ, ಒಂಬತ್ತನೇ ಕ್ಲಾಸಿಗೆ ಈಗ ಪ್ಲವನತೆ ಪಾಠ ನಡೀತಿದೆ. ಹಡಗು, ಐಸು, ಉಪ್ಪುನೀರಲ್ಲಿ ಮೊಟ್ಟೆ ಇವೇ ಉದಾಹರಣೆ ಪ್ರತಿ ವರ್ಷ ಹೇಳಿ ಹೇಳಿ ಸಾಕಾಗಿ ಬೇರೆ ಏನಾದ್ರೂ ಹುಡುಕೋಣ ಅಂತ ಕೂತಾಗ ಇದು ಸಿಕ್ತು. 2015ರ ಜೂನ್ 28ಕ್ಕೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಸಾಮಾನು ಹೊತ್ತುಕೊಂಡು ಹೋಗ್ತಿದ್ದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ಟು (ಆ ಹಾರಾಟದ ಹೆಸರೇ ಸಿಆರ್‌ಎಸ್-7) ಹಾರಿದ 139ನೇ ಸೆಕೆಂಡಿಗೆ ಆಕಾಶದಲ್ಲೇ ಚೂರುಚೂರಾಯ್ತಂತೆ. ಕಾರಣ ಆಕ್ಸಿಜನ್ ಟ್ಯಾಂಕ್ ಒಳಗೆ ಒಂದು ಹೀಲಿಯಂ ಬಾಟ್ಲಿನ ಹಿಡಿದುಕೊಂಡಿದ್ದ ಸರಳು ಮುರಿದಿದ್ದು, ಬಾಟ್ಲಿ ಮೇಲಕ್ಕೆ ಚಿಮ್ಮಿದ್ದು.

ನಂಗೆ ಎರಡು ಅರ್ಥ ಆಗ್ತಿಲ್ಲ. ರಾಕೆಟ್ಟು ಜೋರಾಗಿ ಮೇಲಕ್ಕೆ ಹೋಗ್ತಿರುವಾಗ ಬಾಟ್ಲಿ ಕೆಳಕ್ಕೆ ಕೂರಬೇಕಲ್ವಾ, ಮೇಲಕ್ಕೆ ಯಾಕೆ ಹೋಯ್ತು? ಇನ್ನೊಂದು, ಆ ಸರಳು 10,000 ಪೌಂಡ್ ತಡೀಬೇಕಿತ್ತು, 2,000 ಪೌಂಡಿಗೇ ಮುರೀತು ಅಂತಿದೆ. ಐದನೇ ಒಂದು ಭಾಗ! ಹಾಕೋಕೆ ಮುಂಚೆ ಯಾರೂ ಎಳೆದು ನೋಡಿರ್ಲಿಲ್ವಾ? ನಮ್ಮನೆಯವ್ರು "ಅಷ್ಟು ದೊಡ್ಡೋರು ಚೆಕ್ ಮಾಡದೇ ಹಾಕ್ತಾರಾ, ನೀನೇ ಸರಿಯಾಗಿ ಓದಿರಲ್ಲ" ಅಂತಾರೆ. ಮಕ್ಕಳ ಮುಂದೆ ತಪ್ಪು ಹೇಳಬಾರ್ದು ಅದಕ್ಕೆ ಕೇಳ್ತಿದೀನಿ.

ರಾಕೆಟ್‌ಹುಚ್ಚ
ಮೇಡಂ ನೀವು ಸರಿಯಾಗೇ ಓದಿದೀರ. ಅವತ್ತು ಭಾನುವಾರ, ನಮ್ಮ ಟೈಮು ಸಂಜೆ 7:51, ಲೈವ್ ನೋಡ್ತಿದ್ದೆ. ಕೇಪ್ ಕೆನವೆರಲ್‌ನಿಂದ ಚೆನ್ನಾಗೇ ಎದ್ದಿತ್ತು, ಎರಡು ನಿಮಿಷ ಆಗಿ ಮೊದಲ ಹಂತ ಕಳಚೋಕೆ ಇನ್ನೇನು ಬಂತು ಅನ್ನುವಾಗ ಮೇಲ್ಭಾಗದಲ್ಲಿ ಬಿಳೀ ಮೋಡ ಎದ್ದಂಗಾಯ್ತು, ಕೆಳಗೆ ಇಂಜಿನ್ನುಗಳು ಮಾತ್ರ ಇನ್ನೂ ಉರೀತಾನೇ ಇವೆ. ಕಾಮೆಂಟರಿ ಹೇಳೋರೂ ಒಂದು ಕ್ಷಣ ಸುಮ್ಮನಾಗಿಬಿಟ್ರು. ಫಾಲ್ಕನ್ 9ರ 19ನೇ ಹಾರಾಟ ಅದು, ಅಲ್ಲಿವರೆಗೆ ಇಡೀ ರಾಕೆಟ್ಟು ಹೀಗೆ ಹೋಗಿದ್ದೇ ಇಲ್ಲ.

ಮೊದಲನೇ ಪ್ರಶ್ನೆಗೆ. ಬಾವೀಲಿ ಖಾಲಿ ಕೊಡ ಬಾಯಿ ಮುಚ್ಚಿ ಒಳಗೆ ಅದುಮಿ ನೋಡಿ, ಕೈ ಬಿಟ್ರೆ ಮುಖಕ್ಕೆ ಹೊಡೆಯುತ್ತೆ. ಹೀಲಿಯಂ ಬಾಟ್ಲಿ ದ್ರವ ಆಕ್ಸಿಜನ್ ಒಳಗೆ ಮುಳುಗಿರುತ್ತೆ. ಟ್ಯಾಂಕಿಂದ ಆಕ್ಸಿಜನ್ ಖಾಲಿ ಆಗ್ತಾ ಆಗ್ತಾ ಆ ಜಾಗ ತುಂಬೋಕೆ, ಒತ್ತಡ ಬೀಳದಂಗೆ ನೋಡ್ಕೊಳೋಕೆ ಹೀಲಿಯಂ ಬೇಕು. ಒಳಗೆ 5,500 ಪಿಎಸ್‌ಐ ಒತ್ತಡ ಇದ್ರೂ ಬಾಟ್ಲಿ ತನ್ನ ಗಾತ್ರದಷ್ಟು ದ್ರವ ಆಕ್ಸಿಜನ್‌ಗಿಂತ ಹಗುರ. ಹಂಗಾಗಿ ಯಾವಾಗ್ಲೂ ಮೇಲಕ್ಕೆ ಏಳೋಕೇ ನೋಡುತ್ತೆ. ಸರಳು ಇರೋದು ಅದನ್ನ ಕೆಳಗೆ ಹಿಡಿದಿಡೋಕೆ.

ಕುಡ್ಲ_ಕಡಲು
ಅಲ್ಲ ಮಾರಾಯ್ರೆ, ರಾಕೆಟ್ ಮೇಲೆ ಹೋಗುವಾಗ ಎಲ್ಲದಕ್ಕೂ ಭಾರ ಜಾಸ್ತಿ ಆಗ್ತದಲ್ಲ? ಹಾಗಾದ್ರೆ ಬಾಟ್ಲಿ ಕೆಳಗೇ ಹೋಗ್ಬೇಕು. ಟೀಚರ್ ಕೇಳಿದ್ದು ಅದೇ.

ರಾಕೆಟ್‌ಹುಚ್ಚ
ಬಾಟ್ಲಿ ಭಾರ ಆಗುತ್ತೆ ನಿಜ, ಆದ್ರೆ ಸುತ್ತ ಇರೋ ಆಕ್ಸಿಜನ್ನೂ ಅಷ್ಟೇ ಪಟ್ಟು ಭಾರ ಆಗುತ್ತಲ್ಲ. ಮುರಿಯೋ ಹೊತ್ತಿಗೆ ಸುಮಾರು 3.2 ಜಿ, ಅಂದ್ರೆ ನೆಲದ ಮೇಲಿನ ಗುರುತ್ವದ 3.2 ಪಟ್ಟು ಇತ್ತು. ಅಂದ್ರೆ ಬಾಟ್ಲಿ ತೂಕ ಮೂರು ಪಟ್ಟಾಯ್ತು, ಅದನ್ನ ಮೇಲಕ್ಕೆ ನೂಕೋ ಬಲವೂ ಮೂರು ಪಟ್ಟಾಯ್ತು, ಎರಡರ ವ್ಯತ್ಯಾಸವೂ ಮೂರು ಪಟ್ಟೇ. ನೆಲದ ಮೇಲೆ ಖಾಲಿ ಕೊಡ ಕೈಯನ್ನ ಎಷ್ಟು ಜೋರಾಗಿ ತಳ್ಳುತ್ತೋ ಅದರ ಮೂರರಷ್ಟು. ಮೇಡಂ ಇದೇ ನಿಮ್ಮ ಮಕ್ಕಳಿಗೆ ಹೇಳೋ ಪಾಯಿಂಟು, ಪ್ಲವನ ಬಲ ಅನ್ನೋದು ಜಿ ಮೇಲೆ ನಿಂತಿದೆ, ಪುಸ್ತಕದ ಸೂತ್ರದಲ್ಲೇ ಇದೆ.

ಕುಡ್ಲ_ಕಡಲು
ಓ ಈಗ ಗೊತ್ತಾಯ್ತು. ಕೊಡದ ಉದಾಹರಣೆ ಲಾಯ್ಕುಂಟು.

ಶಾಲೆಟೀಚರ್_ಕಡೂರು
ಆಹಾ, ಇಷ್ಟು ಚೆನ್ನಾಗಿ ಯಾರೂ ಹೇಳಿರ್ಲಿಲ್ಲ. ಬಾಟ್ಲಿ ಮೇಲೆ ಹೋಯ್ತು ಸರಿ, ಅಷ್ಟಕ್ಕೇ ಇಡೀ ರಾಕೆಟ್ ಯಾಕೆ ಒಡೀಬೇಕು?

ರಾಕೆಟ್‌ಹುಚ್ಚ
ಬಾಟ್ಲಿ ಕಿತ್ತುಕೊಂಡು ಹೋದಾಗ ಅದರಲ್ಲಿದ್ದ ಹೀಲಿಯಂ ಎಲ್ಲಾ ಒಂದೇ ಸಲ ಟ್ಯಾಂಕಿಗೆ ಬಿಟ್ಕೊಳ್ತು, ಟ್ಯಾಂಕ್ ಆ ಒತ್ತಡ ತಡೀಲಿಲ್ಲ ಒಡೀತು. ಮೊದಲ ಅಪಸ್ವರ ಕಂಡಿದ್ದಕ್ಕೂ ಸಿಗ್ನಲ್ ಪೂರ್ತಿ ಹೋಗಿದ್ದಕ್ಕೂ ಮಧ್ಯೆ 0.893 ಸೆಕೆಂಡು ಮಾತ್ರ. ಕಣ್ಣು ರೆಪ್ಪೆ ಎರಡು ಮೂರು ಸಲ ಬಡಿಯೋ ಹೊತ್ತು ಅಷ್ಟೆ. ಆ ಒಂದು ಸೆಕೆಂಡಿನ ಡೇಟಾ ಹಿಡ್ಕೊಂಡು ತಿಂಗಳುಗಟ್ಟಲೆ ಕೂತಿದಾರೆ ಪಾಪ. ರಾಕೆಟ್ ಮೈಮೇಲೆ ಬೇರೆ ಬೇರೆ ಕಡೆ ಇದ್ದ ಸೆನ್ಸರುಗಳಿಗೆ ಸದ್ದು ಯಾವ ಕ್ಷಣಕ್ಕೆ ಮುಟ್ಟಿತು ಅಂತ ಲೆಕ್ಕ ಹಾಕಿ, ಮುರಿದಿದ್ದು ಎಲ್ಲಿ ಅಂತ ಹುಡುಕಿದ್ರು.

ಸುಮ್ನೆ_ಓದ್ತೀನಿ
ಅವತ್ತು ಇಲಾನ್ ಮಸ್ಕ್ ಹುಟ್ಟುಹಬ್ಬ ಬೇರೆ. 44 ತುಂಬಿದ ದಿನ.

ತುಮಕೂರು_ತೆಂಗು
ಮೇಲೆ ಇದ್ದೋರಿಗೆ ಊಟದ ಗತಿ ಏನಾಯ್ತು? ಅದನ್ನ ಯಾರೂ ಹೇಳ್ತಿಲ್ವಲ್ಲ.

ಬೇ_ಏರಿಯಾ_ಕನ್ನಡಿಗ
ಊಟಕ್ಕೆ ತೊಂದರೆ ಆಗ್ಲಿಲ್ಲ ಅಣ್ಣ, ತಿಂಗಳುಗಟ್ಟಲೆ ಆಗೋಷ್ಟು ದಾಸ್ತಾನು ಇಟ್ಟಿರ್ತಾರೆ. ಆಗ ಮೇಲೆ ಇದ್ದಿದ್ದು ಮೂರೇ ಜನ, ಸ್ಕಾಟ್ ಕೆಲ್ಲಿ, ಮಿಖಾಯಿಲ್ ಕೊರ್ನಿಯೆಂಕೊ, ಗೆನ್ನಾಡಿ ಪಡಾಲ್ಕಾ. ಆದ್ರೆ ಎದೆ ಝಲ್ ಅನ್ನೋ ವಿಷಯ ಬೇರೆ ಇದೆ. ಎಂಟು ತಿಂಗಳಲ್ಲಿ ಅದು ಮೂರನೇ ಸಾಮಾನು ಗಾಡಿ ಹೋಗಿದ್ದು. 2014ರ ಅಕ್ಟೋಬರ್ 28ಕ್ಕೆ ವರ್ಜೀನಿಯಾದ ವಾಲಪ್ಸ್‌ನಲ್ಲಿ ಅಂಟಾರಿಸ್ ರಾಕೆಟ್ಟು ಎದ್ದು ಹದಿನೈದು ಸೆಕೆಂಡಿಗೇ ಸ್ಫೋಟ. 2015ರ ಏಪ್ರಿಲ್ 28ಕ್ಕೆ ರಷ್ಯಾದ ಪ್ರೋಗ್ರೆಸ್ ಎಂ-27ಎಂ ಕಕ್ಷೆಗೇನೋ ಹೋಯ್ತು, ಆದ್ರೆ ಬುಗುರಿ ಥರ ಸುತ್ತುತ್ತಾ ಕೈಗೆ ಸಿಗದೇ ಮೇ 8ಕ್ಕೆ ವಾಪಸ್ ಬಿದ್ದು ಸುಟ್ಟುಹೋಯ್ತು. ಆಮೇಲೆ ಜೂನ್ 28ಕ್ಕೆ ಇದು. ಅಮೆರಿಕದ ಎರಡು ಕಂಪನಿ, ರಷ್ಯಾ ಒಂದು, ಮೂರೂ ಕೈಕೊಟ್ಟವು. ಜುಲೈ 3ಕ್ಕೆ ಇನ್ನೊಂದು ಪ್ರೋಗ್ರೆಸ್ ಹೋಗಿ, ಆಗಸ್ಟಲ್ಲಿ ಜಪಾನಿನ ಕೊನೊತೊರಿ ಹೋದಮೇಲೆ ಉಸಿರು ಬಿಟ್ಟಿದ್ದು.

ಸೌತ್ ಕೆರೊಲಿನಾದ ಶಾಲಾ ಮಕ್ಕಳು ಒಂದು ಪ್ರಯೋಗ ಕಳಿಸಿದ್ರು, ಅದು ಅಂಟಾರಿಸ್ ಜೊತೆ ಸುಟ್ಟು ಹೋಗಿತ್ತು, ಮತ್ತೆ ಹೊಸದಾಗಿ ಮಾಡಿ ಇದರಲ್ಲಿ ಕಳಿಸಿದ್ರು. ಎರಡನೇ ಸಲವೂ ಹೋಯ್ತು. ನಂಗೆ ಡಾಲರ್ ಲೆಕ್ಕಕ್ಕಿಂತ ಇದೇ ಜಾಸ್ತಿ ನೋವಾಗಿದ್ದು.

ಪೀಣ್ಯ_ಕ್ಯೂಸಿ
ಟೀಚರ್ ಮೇಡಂ, ನಿಮ್ಮ ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ, ಹದಿನಾಲ್ಕು ವರ್ಷದಿಂದ ಪೀಣ್ಯದಲ್ಲಿ ಕ್ವಾಲಿಟಿ ಕೆಲಸ ಮಾಡ್ತಿದೀನಿ. "ಚೆಕ್ ಮಾಡದೇ ಹಾಕ್ತಾರಾ" ಅಂತ ನಿಮ್ಮನೆಯವ್ರು ಕೇಳಿದ್ರಲ್ಲ, ಹಾಕ್ತಾರೆ. ದಿನಾ ಹಾಕ್ತಾರೆ. ಯಾಕಂದ್ರೆ ಪೇಪರಲ್ಲಿ ಚೆಕ್ ಆಗಿರುತ್ತೆ.

ಆ ಸರಳು ಎರಡು ಅಡಿ ಉದ್ದ, ಒಂದು ಇಂಚು ದಪ್ಪ. ಒಂದು ರಾಕೆಟ್ಟಲ್ಲಿ ನೂರಾರು ಇರುತ್ತೆ. ಹೊರಗಿನ ಸಪ್ಲೈಯರ್ ಹತ್ರ ತಗೊಂಡಿದ್ದು, ಜೊತೆಗೆ ಸರ್ಟಿಫಿಕೇಟು ಬಂದಿತ್ತು. ಅದಕ್ಕೂ ಮುಂಚೆ ಸಾವಿರಾರು ಸರಳು ಹಾರಿದ್ವು, ಒಂದೂ ಮುರಿದಿರ್ಲಿಲ್ಲ. ಇನ್ನೇನು ಬೇಕು? ಯಾವ ಮ್ಯಾನೇಜರ್ ಆದ್ರೂ ಒಂದೊಂದನ್ನೂ ಎಳೆದು ನೋಡು ಅಂತ ಹೇಳಲ್ಲ. ಅಪಘಾತ ಆದಮೇಲೆ ಸಾವಿರಾರು ಸರಳು ಎಳೆದು ನೋಡಿದ್ರು, ಅದರಲ್ಲಿ ಕೆಲವು ಹೇಳಿದ್ದಕ್ಕಿಂತ ತುಂಬಾ ಕಮ್ಮಿ ಭಾರಕ್ಕೇ ಪಟ್ ಅಂದ್ವು, ಒಂದಂತೂ 2,000 ಪೌಂಡಿಗೇ. ಮುಂಚೆ ಎಳೆದಿದ್ರೂ ಅದೇ ಪಟ್ ಅಂತಿತ್ತು ಅಷ್ಟೇ ತಾನೇ.

ನಮ್ಮಲ್ಲಿ ಆಗಿದ್ದು ಹೇಳ್ತೀನಿ. ನಾನು ಮುಂಚೆ ಇದ್ದ ಒಂದು ಶಾಪಲ್ಲಿ ಮಾರ್ಚ್ ಕೊನೆ ವಾರ, ಡಿಸ್ಪ್ಯಾಚ್ ಟೆನ್ಷನ್ನು. ಎತ್ತೋಕೆ ಹಾಕೋ ಐ ಬೋಲ್ಟು, ಕಾಸ್ಟಿಂಗು, ಇನ್ನೂರು ಪೀಸು ಬಂದಿತ್ತು. ಸಪ್ಲೈಯರ್ ಕೊಟ್ಟ ಟೀಸಿ (ಟೆಸ್ಟ್ ಸರ್ಟಿಫಿಕೇಟು) ನೋಡಿದ್ರೆ ಹೀಟ್ ನಂಬರ್, ಅಂದ್ರೆ ಲೋಹ ಕರಗಿಸಿದ ಬ್ಯಾಚಿನ ನಂಬರ್, ಎಲ್ಲೋ ನೋಡಿದಂಗಿತ್ತು. ಹಳೇ ಫೈಲ್ ತೆಗೆದ್ರೆ ಎಂಟು ತಿಂಗಳ ಹಿಂದಿನ ಲಾಟಿಂದೂ ಅದೇ ನಂಬರು, ಕಾರ್ಬನ್ನು ಕ್ರೋಮಿಯಂ ವ್ಯಾಲ್ಯೂ ಎಲ್ಲಾ ಪಾಯಿಂಟ್ ಸಮೇತ ಅದೇ, ತಾರೀಖು ಒಂದೇ ಬೇರೆ. ಐದು ಪೀಸ್ ತಗೊಂಡು ಆಟೋದಲ್ಲಿ ಲ್ಯಾಬಿಗೆ ಹೋದೆ. ನಾಲ್ಕು ಪಾಸು. ಐದನೇದು ಅರ್ಧ ಲೋಡಿಗೆ ಬರೋಕೆ ಮುಂಚೇನೇ ಕಡೀತು, ಕುತ್ತಿಗೆ ಹತ್ರ ಒಳಗೆ ಗಾಳಿ ಗೂಡು, ಸೌತೆ ಬೀಜದಷ್ಟು ತೂತು. ಹೊರಗಿಂದ ನೋಡಿದ್ರೆ ಕನ್ನಡಿ ಥರ ಫಿನಿಶಿಂಗ್ ಮಾಡಿದ್ರು. ಲಾಟ್ ಹೋಲ್ಡ್ ಮಾಡಿದೆ. ಓನರ್ರು ಮೂರು ದಿನ ನನ್ ಜೊತೆ ಮಾತಾಡ್ಲಿಲ್ಲ.

ಸುಮ್ನೆ_ಓದ್ತೀನಿ
ಆಮೇಲೆ ಲಾಟ್ ಏನಾಯ್ತು?

ಪೀಣ್ಯ_ಕ್ಯೂಸಿ
ವಾಪಸ್ ಹೋಯ್ತು. ಬೇರೆ ಕಡೆಯಿಂದ ತರಿಸಿದ್ವಿ, ಹನ್ನೊಂದು ದಿನ ಲೇಟು. ನಾಲ್ಕು ತಿಂಗಳಿಗೆ ನಾನೂ ಅಲ್ಲಿಂದ ಬಿಟ್ಟೆ.

ರಾಕೆಟ್‌ಹುಚ್ಚ
ಅಣ್ಣ ನಿಮ್ಮ ಅನುಭವಕ್ಕೆ ಗೌರವ ಇದೆ, ಆದ್ರೆ ಇಲ್ಲಿ "ಚೆಕ್ ಬಿಟ್ರು" ಅನ್ನೋದು ಪೂರ್ತಿ ನ್ಯಾಯ ಅಲ್ಲ. ಸಪ್ಲೈಯರ್ 10,000 ಪೌಂಡು ಅಂತ ಸರ್ಟಿಫೈ ಮಾಡಿ ಕೊಟ್ಟಿದ್ದಾನೆ, ಅದು 2,000ಕ್ಕೇ ಮುರಿದ್ರೆ ತಪ್ಪು ಯಾರದ್ದು? ರಾಕೆಟ್ಟಲ್ಲಿ ಸಾವಿರಾರು ಬಿಡಿಭಾಗ ಇರುತ್ತೆ, ಎಲ್ಲಾದನ್ನೂ ತಾವೇ ಟೆಸ್ಟ್ ಮಾಡ್ತಾ ಕೂತ್ರೆ ಹಾರಿಸೋದ್ಯಾವಾಗ. ಲೋಹದ ಕಣರಚನೇಲೇ ದೋಷ ಇತ್ತು ಅಂತ ಕಂಪನಿ ಪರೀಕ್ಷೇಲೇ ಬಂತು. ಆಮೇಲೆ ಒಂದೊಂದು ಸರಳನ್ನೂ ಬಿಡಿಬಿಡಿಯಾಗಿ ಟೆಸ್ಟ್ ಮಾಡೋ ಪದ್ಧತಿ ತಂದ್ರು, ಬೇರೆ ಕಡೆಯಿಂದ ತರಿಸಿದ್ರು. ತಪ್ಪು ಒಪ್ಪಿ ತಿದ್ಕೊಂಡಿದಾರೆ.

ಮೆಟಲರ್ಜಿ_ಭದ್ರಾವತಿ
ಹುಚ್ಚಣ್ಣ, ಅದು ಕಂಪನಿ ಹೇಳಿದ ಕಥೆ. ನಾಸಾದ ಸ್ವತಂತ್ರ ತನಿಖೆಯ ಸಾರಾಂಶ 2018ರ ಮಾರ್ಚಲ್ಲಿ ಹೊರಗೆ ಬಂತು, ಅದನ್ನ ಓದಿ. ಅವರು ಇದನ್ನ ಮೆಟೀರಿಯಲ್ ತಪ್ಪು ಅಂತ ಮಾತ್ರ ಬಿಡ್ಲಿಲ್ಲ, ಡಿಸೈನ್ ತಪ್ಪು ಅಂದ್ರು.

ನಾನು ಓದಿದ್ದು ಮೆಟಲರ್ಜಿ, ಊರು ಭದ್ರಾವತಿ, ಕಬ್ಬಿಣದ ವಾಸನೇಲೇ ಬೆಳೆದೋರು ನಾವು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಸರಳಿನ ತುದೀಲಿದ್ದ ಭಾಗ 17-4 ಪಿಎಚ್ ಅನ್ನೋ ಸ್ಟೇನ್‌ಲೆಸ್ ಸ್ಟೀಲಿನ ಎರಕ. ಒಳ್ಳೇ ಗಟ್ಟಿ ಸ್ಟೀಲು, ಪಂಪು ವಾಲ್ವುಗಳಲ್ಲಿ ಎಲ್ಲಾ ಕಡೆ ಇದೆ. ಆದ್ರೆ ದ್ರವ ಆಕ್ಸಿಜನ್ ಇರೋದು ಸೊನ್ನೆಗಿಂತ 183 ಡಿಗ್ರಿ ಕೆಳಗೆ. ಅಷ್ಟು ಚಳೀಲಿ ಈ ಜಾತಿ ಸ್ಟೀಲು ತನ್ನ ಬಾಗೋ ಗುಣ ಕಳ್ಕೊಂಡು ಗಾಜಿನ ಥರ ಆಗ್ತಾ ಹೋಗುತ್ತೆ, ಎಳೆದ್ರೆ ಹಿಗ್ಗದೇ ಸೀದಾ ಕಡಿಯುತ್ತೆ. ಅದರ ಮೇಲೆ ಅವರು ತಗೊಂಡಿದ್ದು ಇಂಡಸ್ಟ್ರಿಯಲ್ ಗ್ರೇಡು, ಏರೋಸ್ಪೇಸ್ ಗ್ರೇಡ್ ಅಲ್ಲ. ಇಂಥದನ್ನ ಬಳಸ್ತೀರಾದ್ರೆ ಬೀಳೋ ಭಾರದ ನಾಲ್ಕು ಪಟ್ಟು ತಡೆಯೋ ಹಂಗೆ ಲೆಕ್ಕ ಹಾಕಿ ಅಂತ ತಯಾರಕರೇ ಹೇಳಿದ್ರು. ಆ ನಾಲ್ಕರ ಲೆಕ್ಕಾನೂ ಇಡ್ಲಿಲ್ಲ, ಸಾಕಷ್ಟು ಸ್ಕ್ರೀನಿಂಗೂ ಮಾಡ್ಲಿಲ್ಲ, ಹಂಗೇ ಒಯ್ದು ರಾಕೆಟ್ ಜೀವ ನಿಂತಿರೋ ಜಾಗಕ್ಕೆ ಹಾಕಿದ್ರು. ಇದು ನಾಸಾ ಮಾತಿನ ಸಾರ. ಈಗ ಹೇಳಿ, ಸಪ್ಲೈಯರ್ ಒಬ್ಬನದ್ದೇ ತಪ್ಪಾ?

ರಾಕೆಟ್‌ಹುಚ್ಚ
ನಾಲ್ಕು ಪಟ್ಟಿನ ವಿಷಯ ನಂಗೆ ಗೊತ್ತಿರ್ಲಿಲ್ಲ, ಒಪ್ತೀನಿ. ಆದ್ರೂ ಒಳಗೆ ದೋಷ ಇಲ್ಲದಿದ್ರೆ ಅದು ಮುರೀತಿರ್ಲಿಲ್ಲ, ಸಾವಿರಾರು ಸರಳು ಅದೇ ಚಳಿ ತಡ್ಕೊಂಡು ಹೋಗಿವೆ.

ಮೆಟಲರ್ಜಿ_ಭದ್ರಾವತಿ
ಅದಕ್ಕೇ ಸ್ವಾಮಿ ನಾಲ್ಕು ಪಟ್ಟು ಅನ್ನೋದು! ಎರಕದಲ್ಲಿ ನೂರಕ್ಕೋ ಸಾವಿರಕ್ಕೋ ಒಂದು ಪೀಸ್ ಒಳಗೇ ಕೆಟ್ಟಿರುತ್ತೆ ಅಂತ ಎರಕ ಹುಯ್ಯೋನಿಗೆ ಗೊತ್ತು. ಕೆಟ್ಟಿದ್ದು ಸಿಕ್ಕರೂ ಬೀಳಬಾರದು ಅಂತ ಆ ಅಂತರ ಇಡ್ತಾರೆ. ಅದನ್ನ ತಿಂದುಬಿಟ್ರೆ, ಪ್ರತಿಯೊಂದನ್ನೂ ಎಳೆದು ನೋಡಬೇಕು. ಎರಡರಲ್ಲಿ ಒಂದಾದ್ರೂ ಮಾಡ್ಬೇಕು, ಅವರು ಎರಡೂ ಮಾಡ್ಲಿಲ್ಲ.

ಬೇ_ಏರಿಯಾ_ಕನ್ನಡಿಗ
ಇನ್ನೊಂದು ಸೇರಿಸ್ತೀನಿ. ಕಂಪನಿಯ ತನಿಖಾ ಮಂಡಳೀಲಿ ಇದ್ದ 12 ಜನರಲ್ಲಿ 11 ಜನ ಅದೇ ಕಂಪನಿಯೋರು, ಒಬ್ಬರು ಮಾತ್ರ ವಿಮಾನಯಾನ ಇಲಾಖೆಯೋರು. ನಾಸಾದ ಇನ್‌ಸ್ಪೆಕ್ಟರ್ ಜನರಲ್ 2016ರ ವರದೀಲಿ ಇದನ್ನೇ ಎತ್ತಿದ್ರು, ನಷ್ಟದ ಲೆಕ್ಕಾನೂ ಅದರಲ್ಲೇ ಇದೆ, ಸಾಮಾನಿಂದೇ 11.8 ಕೋಟಿ ಡಾಲರ್. ಅದು ತೆರಿಗೆ ದುಡ್ಡು. ನಾನೂ ಇಲ್ಲಿ ತೆರಿಗೆ ಕಟ್ತೀನಿ, ಕೇಳೋ ಹಕ್ಕಿದೆ.

ತುಮಕೂರು_ತೆಂಗು
ನೀವೆಲ್ಲಾ ರಾಕೆಟ್ ಅಂತೀರ, ನಂಗೆ ಬೋರ್‌ವೆಲ್ ನೆನಪಾಗ್ತಿದೆ. ಹೋದ ವರ್ಷ ನಮ್ಮ ತೋಟದ ಬೋರಲ್ಲಿ ಮೋಟ್ರು ಸುಟ್ಟಿತ್ತು, ರಿಪೇರಿ ಮಾಡಿಸಿ ಇಳಿಸ್ತಿದ್ರು. 640 ಅಡಿ. ಒಂದೊಂದು ಪೈಪ್ ಜೋಡಿಸುವಾಗ ಕೆಳಗಿನ ಪೈಪಿನ ಸಾಲನ್ನೆಲ್ಲಾ ಒಂದು ಕ್ಲಾಂಪು ಹಿಡ್ಕೊಂಡಿರುತ್ತೆ, ಕ್ಲಾಂಪಿಗೆ ಎರಡು ಬೋಲ್ಟು. ಒಂದು ಬೋಲ್ಟು ಥ್ರೆಡ್ ಸವೆದಿತ್ತು. ನಾನು ಕೇಳಿದೆ, ಕೆಲಸದೋನು "ಇದರಲ್ಲೇ ಐವತ್ತು ಬೋರ್ ಇಳಿಸಿದೀನಿ ಸಾಮಿ" ಅಂದ. ಹದಿನೇಳನೇ ಪೈಪಿಗೆ ಜಾರ್ತು. ಒಂದು ಸದ್ದು, ಆಮೇಲೆ ಕೇಬಲ್ಲು ಹಾವಿನ ಥರ ಸರಸರ ಅಂತ ಒಳಗೆ ಹೋಗಿದ್ದು ನೋಡ್ತಾ ನಿಂತಿದ್ವಿ. ಮೋಟ್ರು, ಪೈಪು, ಬೋರು ಮೂರೂ ಹೋಯ್ತು. ನಲವತ್ತು ಮರ ಒಣಗಿಸ್ಕೊಂಡೆ ಆ ಬೇಸಿಗೇಲಿ.

"ಇದುವರೆಗೆ ಏನೂ ಆಗಿಲ್ಲ" ಅನ್ನೋದನ್ನ ಪಾಸಾದ ಟೆಸ್ಟು ಅಂದ್ಕೊಂಡಿದ್ದೇ ಆ ಹುಡುಗ ಮಾಡಿದ ತಪ್ಪು. ರಾಕೆಟ್‌ನೋರೂ ಅದನ್ನೇ ಮಾಡಿದಾರೆ ಅನ್ಸುತ್ತೆ.

ಪೀಣ್ಯ_ಕ್ಯೂಸಿ
ಅಣ್ಣ ನೀವು ಹೇಳಿದ್ದು ನಂಗೆ ಗೋಡೆ ಮೇಲೆ ಬರೆಸಿಡಬೇಕು ಅನ್ನಿಸ್ತು. ಮೋಟ್ರು ಮೇಲೆತ್ತೋಕೆ ಆಗ್ಲೇ ಇಲ್ವಾ?

ತುಮಕೂರು_ತೆಂಗು
ಎರಡು ದಿನ ಕೊಕ್ಕೆ ಬಿಟ್ಟು ನೋಡಿದ್ರು, ಸಿಗ್ಲಿಲ್ಲ. ಹೊಸ ಪಾಯಿಂಟ್ ಕೊರೆಸಿದೆ.

ಕುಡ್ಲ_ಕಡಲು
ಏನೇ ಹೇಳಿ, ನಮ್ಮ ಇಸ್ರೋದವರು ಹೀಗೆ ಮಾಡುದಿಲ್ಲ. ಚಂದ್ರಯಾನ-2ರಲ್ಲಿ ನೋಡಿ, 2019ರ ಜುಲೈ 15ಕ್ಕೆ ರಾತ್ರಿ ಎರಡೂ ಐವತ್ತೊಂದಕ್ಕೆ ಹಾರಬೇಕಿತ್ತು, ರಾಷ್ಟ್ರಪತಿಯವರೇ ಬಂದು ಕೂತಿದ್ರು, 56 ನಿಮಿಷ ಇರುವಾಗ ನಿಲ್ಲಿಸಿದ್ರು. ನಾವು ಮನೆಯಲ್ಲಿ ಮಕ್ಕಳನ್ನು ಎಬ್ಬಿಸಿ ಕೂರಿಸಿದ್ದೆವು. ಬೇಜಾರಾಯ್ತು, ಆದ್ರೆ ಜುಲೈ 22ಕ್ಕೆ ಚಂದ ಹೋಯ್ತಲ್ಲ.

ನಿವೃತ್ತ_ಮೇಷ್ಟ್ರು
ಇಸ್ರೋ ಬಗ್ಗೆ ನನಗೂ ಅಭಿಮಾನ ಇದೆ, ಆದರೆ "ಮಾಡೋದಿಲ್ಲ" ಅನ್ನೋದು ಸರಿಯಲ್ಲ. 2006ರ ಜುಲೈ 10, ಸಂಜೆ. ಇನ್ಸಾಟ್-4ಸಿ ಉಪಗ್ರಹ ಹೊತ್ತ ಜಿಎಸ್ಎಲ್‌ವಿ-ಎಫ್02 ರಾಕೆಟ್. ಪಕ್ಕಕ್ಕೆ ಕಟ್ಟಿದ್ದ ನಾಲ್ಕು ದ್ರವ ಇಂಧನದ ಹಂತಗಳಲ್ಲಿ ಒಂದು, ರಾಕೆಟ್ ನೆಲ ಬಿಟ್ಟ 0.2 ಸೆಕೆಂಡಿಗೇ ಬಲ ಕಳೆದುಕೊಂಡಿತು. ಒಂದು ನಿಮಿಷದೊಳಗೆ ದಾರಿ ತಪ್ಪಿ ಒಡೆದು ಬಂಗಾಳ ಕೊಲ್ಲಿಗೆ ಬಿತ್ತು. ತನಿಖಾ ಸಮಿತಿ ಏನು ಹೇಳಿತು ಗೊತ್ತೇ? ಇಂಧನ ನಿಯಂತ್ರಿಸುವ ಒಂದು ರೆಗ್ಯುಲೇಟರ್ ತಯಾರಿಕೆಯಲ್ಲಿ ತಪ್ಪಾಗಿತ್ತು, ಆ ತಪ್ಪು ಆಮೇಲಿನ ತಪಾಸಣೆಯಲ್ಲೂ ಅಂಗೀಕಾರ ಪರೀಕ್ಷೆಯಲ್ಲೂ ಕಣ್ಣಿಗೆ ಬೀಳದೆ ದಾಟಿಹೋಗಿತ್ತು ಅಂತ. ಅವರು ಅದನ್ನು ಮುಚ್ಚಿಡಲಿಲ್ಲ, ಜನರ ಮುಂದೆ ಹೇಳಿದರು. ಮರುವರ್ಷ ಸೆಪ್ಟೆಂಬರ್ 2ಕ್ಕೆ ಇನ್ಸಾಟ್-4ಸಿಆರ್ ಹಾರಿಸಿದರು. ನನ್ನ ಅಭಿಮಾನ ಹೆಚ್ಚಾಗಿದ್ದು ಆಗಲೇ.

ಕುಡ್ಲ_ಕಡಲು
ಇದು ನೆನಪೇ ಇರ್ಲಿಲ್ಲ ಸರ್. ಸರಿ, ನನ್ನ ಮಾತು ವಾಪಸ್ ತೆಕ್ಕೊಂಡೆ.

ಸುಮ್ನೆ_ಓದ್ತೀನಿ
ರಷ್ಯಾದಲ್ಲಿ ಸೆನ್ಸರ್ ತಲೆಕೆಳಗಾಗಿ ಹಾಕಿದ್ದು ಯಾವ್ದು? ಅದೂ ಸಾಮಾನು ಗಾಡೀನಾ?

ರಾಕೆಟ್‌ಹುಚ್ಚ
ಅಲ್ಲ ಅದು ಪ್ರೋಟಾನ್ ರಾಕೆಟ್ಟು, 2013ರ ಜುಲೈ 2. ಮೂರು ಗ್ಲೋನಾಸ್ (ರಷ್ಯಾದ ಜಿಪಿಎಸ್ ಥರದ್ದು) ಉಪಗ್ರಹ ಇತ್ತು. ರಾಕೆಟ್ ಎಷ್ಟು ವಾಲ್ತಿದೆ ಅಂತ ಅಳೆಯೋ ಸೆನ್ಸರುಗಳನ್ನ ಉಲ್ಟಾ ಕೂರಿಸಿದ್ರು, ಅದಕ್ಕೆ ಬಾಣದ ಗುರುತು ಬೇರೆ ಇತ್ತು, ಸರಿಯಾಗಿ ಕೂರದೇ ಇದ್ದಿದ್ದನ್ನ ಬಲವಂತವಾಗಿ ಕೂರಿಸಿದ ಗುರುತೂ ಸಿಕ್ತು. ಸಾಮಾನು ಗಾಡಿ ಬೇಕಾದ್ರೆ 2016ರ ಡಿಸೆಂಬರ್ 1ರ ಪ್ರೋಗ್ರೆಸ್ ಎಂಎಸ್-04 ಇದೆ, 382ನೇ ಸೆಕೆಂಡಿಗೆ ಮೂರನೇ ಹಂತದಲ್ಲಿ ತೊಂದ್ರೆ, ಟುವಾ ಪ್ರಾಂತ್ಯದ ಮೇಲೆ ಬಿತ್ತು. ಇಂಜಿನ್ ಒಳಗೆ ಹೊರಗಿನ ಕಣ ಸೇರಿರಬಹುದು, ಇಲ್ಲಾ ಜೋಡಣೇಲೇ ತಪ್ಪಾಗಿರಬಹುದು ಅಂದ್ರು.

ಸಿಆರ್‌ಎಸ್-7 ಬಗ್ಗೆ ಹೊಟ್ಟೆ ಉರಿಯೋ ಇನ್ನೊಂದು ವಿಷಯ. ರಾಕೆಟ್ ಒಡೆದಮೇಲೂ ತುದೀಲಿದ್ದ ಡ್ರ್ಯಾಗನ್ ನೌಕೆ ಒಡೆದಿರ್ಲಿಲ್ಲ! ಸಮುದ್ರಕ್ಕೆ ಬೀಳ್ತಾ ಇರುವಾಗ್ಲೂ ಸಿಗ್ನಲ್ ಕಳಿಸ್ತಾನೇ ಇತ್ತು. ಪ್ಯಾರಾಚೂಟ್ ಒಳಗೇ ಇತ್ತು. ಆದ್ರೆ ಹಾರಾಟದ ಮಧ್ಯೆ ಇಂಥದ್ದಾದ್ರೆ ಅದನ್ನ ಬಿಚ್ಚು ಅಂತ ಹೇಳೋ ಸಾಫ್ಟ್‌ವೇರು ಹಾಕಿರ್ಲಿಲ್ಲ. ಆಮೇಲಿನ ನೌಕೆಗಳಿಗೆ ಹಾಕಿದ್ರು.

ಶಾಲೆಟೀಚರ್_ಕಡೂರು
ಅಯ್ಯೋ, ಹಾಗಾದ್ರೆ ಆ ಮಕ್ಕಳ ಪ್ರಯೋಗ ಉಳೀಬಹುದಿತ್ತಾ? ಇದು ಓದಿ ಮನಸ್ಸಿಗೆ ಒಂಥರಾ ಆಯ್ತು.

ಧಾರವಾಡದಾಕಿ
ಮೇಡಮ್ಮಾರ, ಮಕ್ಕಳ ಪ್ರಯೋಗ ಅಂದ್ರಿ ಅದಕ್ಕ ಹೇಳ್ತೀನ್ರಿ. 2025ರಾಗ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕ ಹೋದ್ರಲ್ಲ ಆಕ್ಸಿಯಂ-4 ಯಾನದಾಗ, ಅವಾಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದವ್ರು ಮತ್ತ ಐಐಟಿ ಧಾರವಾಡದವ್ರು ಕೂಡಿ ಮೆಂತ್ಯ ಮತ್ತ ಹೆಸರುಕಾಳು ಕಳಿಸಿದ್ರು, ಬಾಹ್ಯಾಕಾಶದಾಗ ಹೆಂಗ ಮೊಳಕಿ ಒಡಿತಾವ ಅಂತ ನೋಡಾಕ. ನಮ್ಮ ಓಣ್ಯಾಗೆಲ್ಲಾ ಅದs ಮಾತು. ಜೂನ್ 11ಕ್ಕ ಹೋಗೋದಿತ್ತು, ಅದೂ ಇದs ಫಾಲ್ಕನ್ 9. ಇಂಜಿನ್ ಹಚ್ಚಿ ಪರೀಕ್ಷೆ ಮಾಡಿದಾಗ ಆಕ್ಸಿಜನ್ ಸೋರಿಕಿ ಕಂಡಿತ್ತು. ಅಲ್ಲಿ ಹೋಗಿದ್ದ ಇಸ್ರೋ ಅಧ್ಯಕ್ಷರು ನಾರಾಯಣನ್ ಅವ್ರ ತಂಡ, ಮೊದಲ ಅದನ್ನ ಪೂರಾ ರಿಪೇರಿ ಮಾಡ್ರಿ, ತಣ್ಣಗಿನ ಸ್ಥಿತಿಯೊಳಗ ಮತ್ತೊಮ್ಮೆ ಸೋರಿಕಿ ಪರೀಕ್ಷಾ ಮಾಡ್ರಿ, ಆಮ್ಯಾಲೆ ಹಾರಸೂಣು ಅಂತ ಹಟ ಹಿಡಿದ್ರು. ನಮ್ಮ ಮನ್ಯಾಗ ನಮ್ಮ ಮಾವನವ್ರು "ಮತ್ತ ಮುಂದ ಹಾಕಿದ್ರಾ" ಅಂತ ದಿನಾ ಬೇಸರ ಮಾಡ್ಕೊತಿದ್ರು. ಕಡೀಕ ಜೂನ್ 25ಕ್ಕ ಮಧ್ಯಾಹ್ನ ಹನ್ನೆರಡಕ್ಕ ಎದ್ದಿತು, ಜುಲೈ 15ಕ್ಕ ಶುಕ್ಲಾ ಸುರಕ್ಷಿತ ಇಳಿದ್ರು. ಮಾವನವ್ರು ಕಣ್ಣಾಗ ನೀರು ತಂದ್ಕೊಂಡ್ರು.

ಒಬ್ಬ ಮನಶ್ಯಾ ಕುಂತಾನ ಅಂದ್ರ ಚೆಕ್ ಮಾಡೋದು, ಬರೇ ಸಾಮಾನದ ಅಂದ್ರ ಬಿಡೋದು ಅಂತ ಇರಬಾರದ್ರಿ. ಸಾಮಾನಿನ ಗಾಡಿಯೊಳಗ ಮುರಿದ ಬೋಲ್ಟ ಮುಂದ ಮನಶ್ಯಾರ ಗಾಡಿಯೊಳಗ ಮುರೀತದ.

ಬೇ_ಏರಿಯಾ_ಕನ್ನಡಿಗ
ಮೇಡಂ ಇದು ಸರಿಯಾದ ಮಾತು. ಹೀಲಿಯಂ ಬಾಟ್ಲಿ ಕಥೆ ಅಲ್ಲಿಗೇ ಮುಗೀಲಿಲ್ಲ. 2016ರ ಸೆಪ್ಟೆಂಬರ್ 1ಕ್ಕೆ ಲಾಂಚ್ ಪ್ಯಾಡ್ ಮೇಲೇ, ಪರೀಕ್ಷೆಗೆ ಇಂಧನ ತುಂಬ್ತಿರುವಾಗ ಇನ್ನೊಂದು ಫಾಲ್ಕನ್ 9 ಸ್ಫೋಟ ಆಯ್ತು, ಆಮೋಸ್-6 ಉಪಗ್ರಹ ಮೇಲೇ ಇತ್ತು. ಅದರಲ್ಲೂ ಶುರುವಾಗಿದ್ದು ಎರಡನೇ ಹಂತದ ಆಕ್ಸಿಜನ್ ಟ್ಯಾಂಕಿನ ಹೀಲಿಯಂ ಬಾಟ್ಲಿಯಿಂದಾನೇ. ಕಾರಣ ಬೇರೆ, ಸರಳಲ್ಲ. ಆದ್ರೆ ಅದೇ ಟ್ಯಾಂಕು, ಅದೇ ಥರದ ಬಾಟ್ಲಿ. ಮನುಷ್ಯರು ಕೂರೋಕೆ ಶುರು ಮಾಡಿದ್ದು 2020ರಲ್ಲಿ, ಅಷ್ಟರಲ್ಲಿ ಇವೆರಡೂ ಬುದ್ಧಿ ಕಲಿಸಿದ್ವು ಅಂತ ಸಮಾಧಾನ ಮಾಡ್ಕೋಬೇಕು.

ರಾಕೆಟ್‌ಹುಚ್ಚ
ಕಲಿತಿದಾರೆ ಅನ್ನೋದನ್ನೂ ಹೇಳಿ. 2015ರ ಡಿಸೆಂಬರಲ್ಲಿ ವಾಪಸ್ ಹಾರಿದ ಮೊದಲ ಸಲವೇ ಕೆಳಗಿನ ಹಂತನ ನೆಲದ ಮೇಲೆ ನಿಲ್ಲಿಸಿದ್ರು. ಅವತ್ತು ನಾನು ಬೆಳಗ್ಗೆ ಎದ್ದು ನೋಡಿ ಕೂಗಿದ್ದಕ್ಕೆ ಪಕ್ಕದ ಮನೆಯೋರು ಏನಾಯ್ತು ಅಂತ ಬಂದಿದ್ರು. ಬೈಯೋದಿದ್ರೆ ಬೈರಿ, ಆದ್ರೆ ಬಿದ್ದಮೇಲೆ ಎದ್ದಿದ್ದನ್ನೂ ಲೆಕ್ಕಕ್ಕೆ ತಗೊಳ್ಳಿ.

ಪೀಣ್ಯ_ಕ್ಯೂಸಿ
ಗುರು ನಿನ್ನ ಮಾತು ಒಪ್ಪಿದೆ. ನಾನು ಬೈತಿರೋದು ಅವರನ್ನಲ್ಲ. ಪುಲ್ ಟೆಸ್ಟ್ ಮಾಡೋಕೆ ಒಂದು ಪೀಸಿಗೆ ಹತ್ತು ನಿಮಿಷ, ಆ ಹತ್ತು ನಿಮಿಷನ "ವೇಸ್ಟು" ಅಂತ ಬರೆಯೋ ಎಕ್ಸೆಲ್ ಶೀಟ್ ಎಲ್ಲಾ ಕಡೆ ಇದೆ, ನಮ್ಮಲ್ಲೂ ಇದೆ. ಅದರ ಮೇಲೆ ನಂಗೆ ಸಿಟ್ಟು.

ಸುಮ್ನೆ_ಓದ್ತೀನಿ
ಸಿಆರ್‌ಎಸ್-7ರಲ್ಲಿ ನಿಲ್ದಾಣಕ್ಕೆ ಡಾಕಿಂಗ್ ಅಡಾಪ್ಟರ್ (ನೌಕೆ ಬಂದು ಕೂಡಿಕೊಳ್ಳೋ ಜೋಡಣೆ ಭಾಗ) ಇತ್ತಂತಲ್ಲ, ಅದು ಆಮೇಲೆ ಹೋಯ್ತಾ?

ರಾಕೆಟ್‌ಹುಚ್ಚ
ಹೋಯ್ತು. ಮೊದಲನೇದು ಸಮುದ್ರ ಸೇರ್ತು, ಎರಡನೇದು 2016ರ ಜುಲೈಲಿ ಸಿಆರ್‌ಎಸ್-9ರಲ್ಲಿ. ಹೋಗಿದ್ದರ ಬದಲಿಗೆ ಸ್ಪೇರ್ ಭಾಗಗಳಿಂದ ಮೂರನೇದು ಕಟ್ಟಿದ್ರು, ಅದು ಮೇಲೆ ಮುಟ್ಟಿದ್ದು 2019ರ ಜುಲೈಲಿ. ನಾಲ್ಕು ವರ್ಷ ತಡ ಆಯ್ತು.

ಶಾಲೆಟೀಚರ್_ಕಡೂರು
ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತೇ ಪಾಠ ಮಾಡಿಬಿಟ್ಟೆ, ತಡೀಲಿಕ್ಕಾಗ್ಲಿಲ್ಲ. ದೊಡ್ಡ ಬಕೆಟ್ ತುಂಬ ನೀರು, ತಳದಲ್ಲಿ ಕಲ್ಲು, ಕಲ್ಲಿಗೆ ಹೊಲಿಗೆ ದಾರದಿಂದ ಎರಡು ಲೀಟರಿನ ಖಾಲಿ ಬಾಟ್ಲಿ ಕಟ್ಟಿ ಮುಳುಗಿಸಿದ್ವಿ. ಹುಡುಗರು ದಾರನ ಬೆರಳಿಂದ ಮೀಟಿ ನೋಡಿ "ಮಿಸ್ ಎಷ್ಟು ಬಿಗಿಯಾಗಿದೆ" ಅಂತ ಆಶ್ಚರ್ಯಪಟ್ರು. ಒಬ್ಬಳು ಹಳೇ ದಾರ ತಂದಿದ್ಲು, ಅದನ್ನ ಕಟ್ಟಿದ ತಕ್ಷಣ ಕಿತ್ತು ಬಾಟ್ಲಿ ಹಾರಿ ಅವಳ ಲಂಗ ಪೂರ್ತಿ ನೆನೀತು. ಮುಂದಿನ ಪೀರಿಯಡ್‌ನೋರಿಗೆ ನೆಲ ಒರೆಸಿ ಕೊಟ್ಟಿದ್ದಾಯ್ತು.

ಪೀಣ್ಯದ ಅಣ್ಣ ಹೇಳಿದ ಗಾಳಿ ಗೂಡಿನ ಬೋಲ್ಟ್ ವಿಷಯ ಹೇಳಿದೆ, ಎಲ್ರೂ ಅದನ್ನ ನೋಡ್ಬೇಕು ಅಂತಿದಾರೆ. ಅಣ್ಣ, ಒಂದು ಫೋಟೋ ಇದ್ರೆ ಹಾಕ್ತೀರಾ?

ಪೀಣ್ಯ_ಕ್ಯೂಸಿ
ಫೋಟೋ ಯಾಕೆ ಮೇಡಂ, ಬೋಲ್ಟೇ ಇದೆ. ಆ ಶಾಪ್ ಬಿಡುವಾಗ ತಗೊಂಡು ಬಂದಿದ್ದೆ, ಟೂಲ್ ಬಾಕ್ಸಲ್ಲಿ ಬಿದ್ದಿದೆ, ಎರಡು ತುಂಡು. ಕಡಿದ ಜಾಗ ಬಿಸಿಲಿಗೆ ಹಿಡಿದ್ರೆ ಸಕ್ಕರೆ ಹರಳಿನ ಥರ ಹೊಳೆಯುತ್ತೆ, ಮಧ್ಯೆ ಆ ತೂತು ಕಪ್ಪಗೆ ಕಾಣುತ್ತೆ. ನಮ್ಮ ಅಕ್ಕನ ಮನೆ ಬೀರೂರಲ್ಲೇ, ಭಾವ ಶನಿವಾರ ಬರ್ತಾರೆ. ಅವರ ಕೈಲಿ ಕಳಿಸ್ತೀನಿ, ಅಂಚು ಹರಿತ ಇದೆ, ಮಕ್ಕಳ ಕೈಗೆ ಕೊಡುವಾಗ ನೋಡ್ಕೊಳ್ಳಿ.